ನಾಯಿಯ ಕಲ್ಲಿನ ಮುಂದೆ ಒಂದು ಬೆಳಗ್ಗೆ

ಊರಿನಿಂದ ನೆಂಟರು ಬಂದಾಗಲೆಲ್ಲ ಬೆಂಗಳೂರಿನ ಕಸ್ತೂರ್ಬಾ ರಸ್ತೆಗೆ ಕರೆದೊಯ್ಯುವುದು ನಮ್ಮ ಮನೆಯ ವಾಡಿಕೆ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರೂ ಒಂದೇ ಸಾಲಿನಲ್ಲಿವೆ. ಮಧ್ಯಾಹ್ನದೊಳಗೆ ಮೂರನ್ನೂ ಮುಗಿಸಿ ಊಟಕ್ಕೆ ಹೊರಟುಬಿಡುತ್ತಿದ್ದೆವು. ಒಮ್ಮೆ ಹಾಗೆ ಮುಗಿಸಿ ಬಂದ ಸಂಜೆ ಅಕ್ಕನ ಮಗ, 'ಮಾವ, ಆ ನಾಯಿಯ ಕಲ್ಲಿನಲ್ಲಿ ಏನು ಬರೆದಿತ್ತು?' ಎಂದು ಕೇಳಿದ. ಅಂಥ ಕಲ್ಲೊಂದು ಅಲ್ಲಿದೆ ಎಂಬುದೇ ನನಗೆ ನೆನಪಿರಲಿಲ್ಲ. ಅಷ್ಟು ಸಲ ಹೋಗಿಬಂದವನಿಗೆ ನಾಚಿಕೆಯಾಯಿತು.

ಮುಂದಿನ ಸಲ ಒಬ್ಬನೇ ಹೋದೆ, ಆ ಒಂದು ಕಲ್ಲಿಗಾಗಿಯೇ. ಹೋಗುವ ಮುನ್ನ ಗ್ರಂಥಾಲಯದಲ್ಲಿ ಬಿ. ಎಲ್. ರೈಸ್ ಅವರ ಶಾಸನ ಸಂಪುಟ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆಸಿ, ಆ ಕಲ್ಲಿನ ಬರಹವಾದ ಆತಕೂರು ಶಾಸನದ ಪಾಠವನ್ನು ಜೆರಾಕ್ಸ್ ಮಾಡಿಸಿಕೊಂಡಿದ್ದೆ. ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದೊಂದೇ.

ಕಟ್ಟಡ 1877ರದು, ಸಂಗ್ರಹಾಲಯ ಅದಕ್ಕೂ ಹಳೆಯದು, 1865ರದು. ಆ ಕೆಂಪು ಗೋಡೆಯನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನೇರವಾಗಿ ಕಲ್ಲಿನ ಬಳಿಗೆ ನಡೆದೆ.

ಎದುರಿಗೆ ನಿಂತರೆ ಅಕ್ಷರಗಳು ಕಲ್ಲಿನೊಳಗೇ ಮುಳುಗಿದಂತೆ ಕಾಣುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿದಾಗ ಗೀರುಗಳಿಗೆ ನೆರಳು ಮೂಡಿ ಒಂದೊಂದೇ ಅಕ್ಷರ ಎದ್ದುಬಂತು. ಹಳಗನ್ನಡದ ಲಿಪಿ ನನಗೆ ಬರುವುದಿಲ್ಲ. ಆದರೆ ಕೈಯಲ್ಲಿ ಪಾಠವಿದ್ದರೆ, ಇಲ್ಲಿ 'ನ' ಇರಬೇಕು, ಇದು 'ಯ' ಇರಬೇಕು ಎಂದು ಹುಡುಕುತ್ತಾ ಹೋಗಬಹುದು. 'ಪಂದಿ' ಸಿಕ್ಕಾಗ ಹಬ್ಬವೇ ಆಯಿತು. ಪಂದಿ ಎಂದರೆ ಹಂದಿ. ಪಕಾರ ಹಕಾರವಾಗುವುದಕ್ಕೆ ಮೊದಲಿನ ಕನ್ನಡ. ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಇದನ್ನೇ ಹೇಳುವಾಗ ನಾನು ಆಕಳಿಸುತ್ತಿದ್ದೆ.

ಕಥೆ ಹೀಗಿದೆ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ತನ್ನ ಕಡೆ ವೀರಾವೇಶದಿಂದ ಹೋರಾಡಿದ ಮಣಲೇರನಿಗೆ 'ಏನು ಬೇಕೋ ಕೇಳು' ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ನಾಯಿಯನ್ನು ಬೆಳತೂರಿನ ಬಳಿಯ ದಿಣ್ಣೆಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿ, ನಾಯಿ ಎರಡೂ ಒಟ್ಟಿಗೆ ಸತ್ತವು. ಅದಕ್ಕೇ ಈ ಕಲ್ಲು. ಅವೆರಡೂ ಕಾದಾಡುತ್ತಿರುವ ಕೆತ್ತನೆಯೂ ಇದೆ. ನಾಯಿಗೆಂದು ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಚೋಳ ರಾಜಕುಮಾರ ಸತ್ತ ಸುದ್ದಿ ಅದೇ ಕಲ್ಲಿನಲ್ಲಿದ್ದರೂ ನನ್ನ ಕಣ್ಣು ಕಾಳಿಯನ್ನು ಬಿಟ್ಟು ಕದಲಲಿಲ್ಲ.

ಒಂದೂವರೆ ಗಂಟೆ ಕಳೆದಿತ್ತು. ಕಾವಲಿನವರು ಹತ್ತಿರ ಬಂದು, 'ಏನು ಸಾರ್, ಏನಾದರೂ ಕಳೆದುಹೋಯಿತೇ?' ಎಂದರು.

ಅಲ್ಲಿಯೇ ಬೇಗೂರಿನಿಂದ ತಂದ ವೀರಗಲ್ಲೂ ಇದೆ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಯುದ್ಧ. ತುಂಬೆಪಾಡಿಯಲ್ಲಿ ಕಾದಿ ಸತ್ತ ನಾಗತ್ತರನ ನೆನಪಿಗೆ ನೆಟ್ಟದ್ದು. ಅವನ ಹೆಸರು ಇನ್ನೊಂದು ಕಲ್ಲಿನಲ್ಲಿಯೂ ಬರುತ್ತದೆ, ಆದರೆ ಅದು ಬೇಗೂರಿನಲ್ಲಿಯೇ ಉಳಿದಿದೆ ಎಂದು ಓದಿದ್ದೆ. ಅಂದು ವೆಂಕಟಪ್ಪ ಚಿತ್ರಶಾಲೆಯನ್ನು ಇನ್ನೊಂದು ದಿನಕ್ಕೆ ಬಿಟ್ಟೆ. ಅಲ್ಲಿನ ಊಟಿಯ ಜಲವರ್ಣಗಳಿಗೂ ಒಂದು ಇಡೀ ಬೆಳಗ್ಗೆ ಬೇಕು. ಕಲ್ಲು ನೋಡಿ ದಣಿದ ಕಣ್ಣಿಗೆ ಆ ತೆಳು ಮಂಜು ಕಾಣಿಸುವುದಿಲ್ಲ.

ಮುಂದಿನ ಭಾನುವಾರ ಅಕ್ಕನ ಮಗನನ್ನೂ ಕರೆದುಕೊಂಡು ಬೇಗೂರಿಗೆ ಬಸ್ ಹತ್ತಿದೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಆ ಕಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟನಪತಿ ಸತ್ತನೆಂದು ಅದು ಹೇಳುತ್ತದೆ. ಕಾಲ ಸುಮಾರು 890. ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆಯೇ ಊರಿಗೆ ಈ ಹೆಸರಿತ್ತು. ಬೆಂದ ಕಾಳಿನ ಕಥೆಯನ್ನು ಹುಡುಗನಿಗೆ ಹೇಳಿಕೊಟ್ಟವನು ನಾನೇ. ಅದನ್ನು ಅಲ್ಲೇ ವಾಪಸು ಪಡೆದೆ.

ಅವನು ಮಂಡಿಯೂರಿ ಕೂತು, ಬೇಗೂರು ಶಾಸನದ ಜೆರಾಕ್ಸ್ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಕಡೆಗೊಮ್ಮೆ ಹಾಳೆಯ ಕಡೆಗೊಮ್ಮೆ ನೋಡುತ್ತಿದ್ದ. 'ಮಾವ, ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬೆಳಕಿಗೆ ಅಡ್ಡವಾಗಿದ್ದೀರಿ' ಎಂದ.