ಹೊಸಬರಿಗೆ ಮಾರ್ಗದರ್ಶಿ: ಹಾಸಿಗೆ ಕೊಳ್ಳುವ ಮುಂಚೆ ಒಳಗೇನಿದೆ ಎಂದು ಕೇಳಿ

ಹೊಸ ಊರಿಗೆ ಬಂದು ಖಾಲಿ ಮನೆಯ ಬೀಗ ತೆಗೆದವರು ಮೊದಲು ಕೊಳ್ಳುವ ದೊಡ್ಡ ಸಾಮಾನು ಸಾಮಾನ್ಯವಾಗಿ ಹಾಸಿಗೆ. ಅದನ್ನು ಕೊಳ್ಳುವುದೂ ಭಾರೀ ಅವಸರದಲ್ಲಿ. ಮಕ್ಕಳು ನೆಲದ ಮೇಲೆ ಮಲಗಿದ್ದಾರೆ, ನಾಳಿದ್ದು ಕೆಲಸಕ್ಕೆ ಸೇರಬೇಕು, ಅಂಗಡಿಯವರು "ಇವತ್ತೇ ಡೆಲಿವರಿ" ಅನ್ನುತ್ತಾರೆ. ದುಡ್ಡು ಕೊಟ್ಟು ಬಂದುಬಿಡುತ್ತೇವೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಡುವೆ ಗುಂಡಿ ಬಿದ್ದು, ಗಂಡ ಹೆಂಡತಿ ಇಬ್ಬರೂ ಅದರೊಳಗೆ ಜಾರುತ್ತಿರುತ್ತಾರೆ.

ಹಾಗಾಗಿ ಮೊದಲು ಅವಸರವನ್ನು ತಪ್ಪಿಸಿಕೊಳ್ಳಿ. ಗಾಳಿ ತುಂಬುವ ಹಾಸಿಗೆ ಅಥವಾ ಮಡಚಿಡುವ ತೆಳು ಫೋಮ್ ಇದ್ದರೆ ಮೂರು ನಾಲ್ಕು ವಾರ ಕಳೆಯಬಹುದು. ಸಂಘದ ಗುಂಪಿನಲ್ಲಿ ಒಂದು ಮಾತು ಕೇಳಿ ನೋಡಿ, ಯಾರ ಮನೆಯ ಮೂಲೆಯಲ್ಲೋ ಒಂದು ಇದ್ದೇ ಇರುತ್ತದೆ. ಆ ಸಮಯದಲ್ಲಿ ನಿಧಾನವಾಗಿ ನೋಡಿ, ವಿಚಾರಿಸಿ ಕೊಳ್ಳಿ.

ಕೈಯಲ್ಲಿ ಒತ್ತಿದರೆ ಏನೂ ತಿಳಿಯುವುದಿಲ್ಲ

ಅಂಗಡಿಯಲ್ಲಿ ನಾವೆಲ್ಲ ಮಾಡುವ ಕೆಲಸ ಒಂದೇ. ಅಂಗೈಯಿಂದ ಎರಡು ಸಲ ಒತ್ತುತ್ತೇವೆ, "ಚೆನ್ನಾಗಿದೆ ಅಲ್ವಾ?" ಅನ್ನುತ್ತೇವೆ. ಆ ಕೈಗೆ ಸಿಗುವುದು ಮೇಲಿನ ಎರಡು ಮೂರು ಸೆಂಟಿಮೀಟರ್ ಮೆತ್ತೆ ಮಾತ್ರ. ಹೊಲಿಗೆ ಹಾಕಿದ ಮೇಲ್ಪದರಕ್ಕೆ ಅಗ್ಗದ ಪಾಲಿಯೆಸ್ಟರ್ ನಾರು ತುಂಬಿದರೂ ಮೊದಲ ದಿನ ಮೋಡದಂತೆ ಇರುತ್ತದೆ. ಮೇಲೆ ತಳಕು ಒಳಗೆ ಹುಳುಕು ಎನ್ನುವ ಮಾತು ಹಾಸಿಗೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

ದಪ್ಪ ನೋಡಿಯೂ ಮೋಸ ಹೋಗಬೇಡಿ. 30 ಸೆಂಟಿಮೀಟರ್ ಎತ್ತರದ ಹಾಸಿಗೆಯೊಳಗೆ ಬರೀ ಹಗುರ ಫೋಮ್ ಇರಬಹುದು. 18 ಸೆಂಟಿಮೀಟರ್ ಹಾಸಿಗೆಯಲ್ಲಿ ಒಳ್ಳೆಯ ಲೇಟೆಕ್ಸ್ (ರಬ್ಬರಿನ ಫೋಮ್) ಇದ್ದರೆ ಅದು ಹೆಚ್ಚು ವರ್ಷ ಬಾಳುತ್ತದೆ. ಬಾಳಿಕೆಯನ್ನು ಹೇಳುವುದು ಒಳಗಿನ ಪದರಗಳು, ಅದರಲ್ಲೂ ಮೈಗೆ ಹತ್ತಿರವಿರುವ ಮೇಲಿನ ಪದರಗಳು. ಕೆಡುವುದು ಯಾವಾಗಲೂ ಅಲ್ಲಿಂದಲೇ ಶುರು.

ಅದಕ್ಕೇ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಮೇಲಿಂದ ಕೆಳಗಿನವರೆಗೆ ಯಾವ ಪದರ, ಎಷ್ಟು ದಪ್ಪ, ಎಷ್ಟು ಡೆನ್ಸಿಟಿ? ಬರೆದು ಕೊಡಿ ಅನ್ನಿ. ಕೊಡುವುದಿಲ್ಲ ಎಂದರೆ, ಅಥವಾ "ಇದು ನಮ್ಮದೇ ಸ್ಪೆಷಲ್ ಫೋಮ್" ಎಂದು ಹೆಸರು ಹೇಳಿ ಮಾತು ತೇಲಿಸಿದರೆ, ಮುಂದಿನ ಅಂಗಡಿಗೆ ಹೋಗಿ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ಜರಡಿ ಇನ್ನೊಂದಿಲ್ಲ.

ಡೆನ್ಸಿಟಿ ಎಂದರೆ ಗಟ್ಟಿತನ ಅಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಫೋಮ್ ಎಂದರೆ ಜೇನುಗೂಡಿನ ಹಾಗೆ ಪುಟ್ಟ ಪುಟ್ಟ ಕೋಣೆಗಳು. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎನ್ನುವುದೇ ಡೆನ್ಸಿಟಿ. ತೂಕ ಜಾಸ್ತಿ ಎಂದರೆ ಕೋಣೆಗಳ ಗೋಡೆಯಲ್ಲಿ ಹೆಚ್ಚು ವಸ್ತು ಇದೆ. ದಿನಾ ರಾತ್ರಿ ಮೈಭಾರ, ಬಿಸಿ, ಬೆವರಿನ ತೇವ ತಾಗಿ ತಾಗಿ ಈ ಗೋಡೆಗಳು ಸೋಲುತ್ತವೆ. ತೆಳು ಗೋಡೆಯಾದರೆ ಬೇಗ ಸೋಲುತ್ತವೆ, ಹಾಸಿಗೆ ಕುಸಿಯುತ್ತದೆ.

ಗಟ್ಟಿ ಅಥವಾ ಮೆತ್ತಗೆ ಮಾಡುವುದು ಬೇರೆ ವಿಷಯ. ಅದು ಫೋಮ್ ತಯಾರಿಸುವಾಗಿನ ರಸಾಯನದ ಕೆಲಸ. ಹೆಚ್ಚು ಡೆನ್ಸಿಟಿಯ ಮೆತ್ತನೆ ಫೋಮ್ ಇದೆ, ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮ್ ಕೂಡ ಇದೆ. ಎರಡನೆಯದು ಅಂಗಡಿಯಲ್ಲಿ ಭದ್ರವಾಗಿ ಕಾಣುತ್ತದೆ, ಮನೆಯಲ್ಲಿ ಬೇಗ ಸೋಲುತ್ತದೆ.

ಲೆಕ್ಕ ಹೀಗಿಟ್ಟುಕೊಳ್ಳಿ. ಸಾಮಾನ್ಯ ಪಾಲಿಯುರಿಥೇನ್ ಫೋಮ್ ಆದರೆ ದೊಡ್ಡವರು ದಿನಾ ಮಲಗಲು 30ಕ್ಕಿಂತ ಮೇಲಿರಲಿ. ಭಾರ ಜಾಸ್ತಿ ಇರುವವರಿಗೆ 35ರಿಂದ 40 ಒಳ್ಳೆಯದು. 25ಕ್ಕಿಂತ ಕಡಿಮೆಯದು ಅಪರೂಪಕ್ಕೆ ಬರುವ ನೆಂಟರ ಕೋಣೆಗೆ ಸಾಕು. ಮೈಯ ಆಕಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ ಸ್ವಭಾವತಃ ಭಾರ. ಅದರಲ್ಲಿ 50ರ ಆಸುಪಾಸು ಪರವಾಗಿಲ್ಲ, 60ಕ್ಕಿಂತ ಮೇಲಿನದು ಬಾಳಿಕೆಗೆ ಒಳ್ಳೆಯದು. ಲೇಟೆಕ್ಸ್ ಸಾಮಾನ್ಯವಾಗಿ 65ರಿಂದ 90. ತುಂಡು ಫೋಮ್‌ಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್‌ಗೆ ಇನ್ನೂ ದೊಡ್ಡ ಸಂಖ್ಯೆ ಬರುತ್ತದೆ. ಅದನ್ನು ತೋರಿಸಿ "ನೋಡಿ, 90 ಡೆನ್ಸಿಟಿ" ಎಂದರೆ ಮರುಳಾಗಬೇಡಿ. ಒಂದು ಜಾತಿಯ ಫೋಮ್ ಸಂಖ್ಯೆಯನ್ನು ಅದೇ ಜಾತಿಯದರ ಜೊತೆ ಮಾತ್ರ ಹೋಲಿಸಬೇಕು. ಕೆಲವು ಕಡೆ ಘನ ಅಡಿಗೆ ಇಷ್ಟು ಪೌಂಡ್ ಎಂದು ಬರೆದಿರುತ್ತಾರೆ. ಅದನ್ನು 16ರಿಂದ ಗುಣಿಸಿದರೆ ಕಿಲೋ ಲೆಕ್ಕ ಸಿಗುತ್ತದೆ.

ಯಾರೂ ಸಂಖ್ಯೆ ಹೇಳದಿದ್ದರೆ ಒಂದು ಉಪಾಯವಿದೆ. ಆನ್‌ಲೈನ್‌ನಲ್ಲಿ ಹಾಸಿಗೆಯ ತೂಕವನ್ನು ಹೆಚ್ಚಾಗಿ ಹಾಕಿರುತ್ತಾರೆ. 190 ಸೆಂಟಿಮೀಟರ್ ಉದ್ದ, 150 ಅಗಲ, 15 ದಪ್ಪದ ಪೂರ್ತಿ ಫೋಮ್ ಹಾಸಿಗೆ ಎಂದುಕೊಳ್ಳಿ. ಅದು ಸುಮಾರು 0.43 ಘನ ಮೀಟರ್. 32 ಡೆನ್ಸಿಟಿ ಆದರೆ ಫೋಮ್ ಒಂದೇ 13ರಿಂದ 14 ಕಿಲೋ ತೂಗಬೇಕು, ಮೇಲೆ ಕವರಿನ ತೂಕ ಬೇರೆ. ಒಟ್ಟು 10 ಕಿಲೋ ಎಂದು ಬರೆದಿದ್ದರೆ ಒಳಗಿರುವುದು ಹಗುರ ಸರಕು. ಆದರೆ ತೂಕ ಸರಿ ಇದೆ ಎಂದ ಮಾತ್ರಕ್ಕೆ ಫೋಮ್ ಒಳ್ಳೆಯದೇ ಆಗಬೇಕಿಲ್ಲ. ಭಾರ ತೋರಿಸಲು ಫೋಮ್‌ಗೆ ಸುಣ್ಣದಕಲ್ಲಿನ ಪುಡಿ ಬೆರೆಸುವವರೂ ಇದ್ದಾರೆ. ಆದ್ದರಿಂದ ಇದನ್ನು ಕೆಟ್ಟದ್ದನ್ನು ಬಿಡಲು ಬಳಸಿ, ಒಳ್ಳೆಯದನ್ನು ಆರಿಸಲು ಬೇಡ.

ಸ್ಪ್ರಿಂಗ್ ಹಾಸಿಗೆ

ಬಾನೆಲ್ ಎನ್ನುವ ಹಳೆಯ ಬಗೆಯಲ್ಲಿ ಸ್ಪ್ರಿಂಗ್‌ಗಳೆಲ್ಲ ತಂತಿಯಿಂದ ಒಂದಕ್ಕೊಂದು ಕಟ್ಟಿರುತ್ತವೆ. ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ. ಪಾಕೆಟ್ ಬಗೆಯಲ್ಲಿ ಪ್ರತಿ ಸ್ಪ್ರಿಂಗ್‌ಗೂ ಬಟ್ಟೆಯ ಚೀಲ, ಅದು ತನ್ನ ಪಾಡಿಗೆ ತಾನು ಒತ್ತಿಕೊಳ್ಳುತ್ತದೆ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ, ಬೇರೆ ಬೇರೆ ಹೊತ್ತಿಗೆ ಏಳುವ ಮನೆಗಳಿಗೆ ಪಾಕೆಟ್ ವಾಸಿ.

"ಇದರಲ್ಲಿ ಎರಡು ಸಾವಿರ ಸ್ಪ್ರಿಂಗ್" ಎಂದು ಹೇಳಿದರೆ, ದೊಡ್ಡ ಸ್ಪ್ರಿಂಗ್ ಎಷ್ಟು ಎಂದು ಕೇಳಿ. ಮೇಲಿನ ಪದರದ ಗುಬ್ಬಿಮರಿಯಂಥ ಸ್ಪ್ರಿಂಗ್‌ಗಳನ್ನೂ ಲೆಕ್ಕಕ್ಕೆ ಸೇರಿಸಿರುತ್ತಾರೆ. ತಂತಿಯ ದಪ್ಪವನ್ನೂ ಕೇಳಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು: 13 ಗೇಜ್ ಸುಮಾರು 2.3 ಮಿಲಿಮೀಟರ್, 15 ಗೇಜ್ ಸುಮಾರು 1.8. ಆಮೇಲೆ ಅಂಚಿನಲ್ಲಿ ಕುಳಿತು ನೋಡಿ. ಅಂಚು ಪೂರ್ತಿ ಕುಸಿದು ನೀವು ಜಾರುವಂತಾದರೆ ಮನೆಯ ಹಿರಿಯರಿಗೆ ಅಲ್ಲಿಂದ ಏಳುವುದು ಕಷ್ಟ.

ಸ್ಪ್ರಿಂಗ್ ಮುರಿಯುವುದು ಅಪರೂಪ. ಗುಂಡಿ ಬೀಳುವುದು ಅದರ ಮೇಲಿನ ಫೋಮ್. ಹಾಗಾಗಿ ಡೆನ್ಸಿಟಿಯ ಪ್ರಶ್ನೆ ಸ್ಪ್ರಿಂಗ್ ಹಾಸಿಗೆಗೂ ಬಿಡಬೇಡಿ.

ಗಟ್ಟಿ ಹಾಸಿಗೆ ಬೆನ್ನಿಗೆ ಒಳ್ಳೆಯದಾ?

ನಮ್ಮ ಹಿರಿಯರು ಬಹಳ ಮಂದಿ ಹೌದು ಅನ್ನುತ್ತಾರೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂತು. ಬಹುಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮದಲ್ಲಿ ಮಲಗಿದವರಿಗೆ ನೋವು ಹೆಚ್ಚು ತಗ್ಗಿತ್ತು. ಹಾಗೆಂದು ಎಲ್ಲರಿಗೂ ಒಂದೇ ಹಾಸಿಗೆ ಸರಿ ಎಂದಲ್ಲ. ಪಕ್ಕಕ್ಕೆ ಮಲಗುವವರಿಗೆ ಭುಜ ಸ್ವಲ್ಪ ಒಳಗಿಳಿಯಬೇಕು. ಬೋರಲು ಮಲಗುವವರಿಗೆ ಹೊಟ್ಟೆ ಇಳಿಯಬಾರದು. "ಆರ್ಥೋಪೆಡಿಕ್" ಎಂದು ಬರೆದಿರುವುದಕ್ಕೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಅಂಗಡಿಯಲ್ಲಿ ಮಲಗಲು ನಾಚಿಕೆ ಬೇಡ. ಚಪ್ಪಲಿ ಬಿಡಿ, ದಪ್ಪ ಕೋಟು ತೆಗೆಯಿರಿ, ನೀವು ರಾತ್ರಿ ಮಲಗುವ ಭಂಗಿಯಲ್ಲೇ ಕನಿಷ್ಠ 10 ನಿಮಿಷ ಮಲಗಿ. ಇಬ್ಬರು ಮಲಗುವ ಹಾಸಿಗೆಯಾದರೆ ಇಬ್ಬರೂ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಸಲೀಸಾಗಿ ಆಚೆ ಬಂದರೆ ಹಾಸಿಗೆ ನಿಮಗೆ ಗಟ್ಟಿ. ಕೈ ಹೋಗುವುದೇ ಇಲ್ಲ, ಹೊರಳಲೂ ಕಷ್ಟ ಎಂದರೆ ಮೆತ್ತಗೆ. ಮಾರುವವರು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರೆ "ಸುಮ್ನೆ ಐದು ನಿಮಿಷ ಬಿಡಿ" ಎಂದು ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೆ ಅಭ್ಯಾಸವಿರುತ್ತದೆ.

ಲೇಬಲ್ ಮತ್ತು ಮುದ್ರೆಗಳು

ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಮುದ್ರೆ ಇದ್ದರೆ ಬಟ್ಟೆಯಲ್ಲಿ ಹಾನಿಕರ ರಾಸಾಯನಿಕಗಳಿವೆಯೇ ಎಂದು ಪರೀಕ್ಷೆಯಾಗಿದೆ ಎಂದರ್ಥ. ಅದು ಬಾಳಿಕೆಯ ಮಾತಲ್ಲ. ಬಾಳಿಕೆಗೆ ಯುರೋಪಿನ ಇಎನ್ 1957 ಎಂಬ ಪರೀಕ್ಷೆ ಇದೆ. ಭಾರದ ಉರುಳೆಯನ್ನು ಹಾಸಿಗೆಯ ಮೇಲೆ 30,000 ಸಲ ಉರುಳಿಸಿ, ಎತ್ತರ ಎಷ್ಟು ಇಳಿಯಿತು, ಗಟ್ಟಿತನ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಅಂಥ ಫಲಿತಾಂಶ ತೋರಿಸುವ ತಯಾರಕರು ಸಿಕ್ಕರೆ ಅವರನ್ನು ಪಟ್ಟಿಯಲ್ಲಿ ಮೇಲಿಡಿ.

ಕವರಿಗೆ ಜಿಪ್ ಇದ್ದು "ತೆಗೆಯಬೇಡಿ" ಎಂದು ಬರೆದಿದ್ದರೆ ತೆಗೆಯಲೇಬೇಡಿ. ಬೆಂಕಿ ತಡೆಯಲು ಕೆಲವು ಹಾಸಿಗೆಗಳಲ್ಲಿ ಗಾಜಿನ ನಾರಿನ ಪದರವಿರುತ್ತದೆ. ಅದು ಹೊರಬಂದರೆ ಮನೆ ತುಂಬ ಚುಚ್ಚುವ ಪುಡಿ. ಮಕ್ಕಳಿರುವ ಮನೆಯಲ್ಲಿ ಗಾಜಿನ ನಾರಿಲ್ಲದ್ದನ್ನೇ ಹುಡುಕಿ.

ಎಳೆಗೂಸಿನ ಹಾಸಿಗೆಯ ಲೆಕ್ಕವೇ ಬೇರೆ. ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು, ಮೆಮೊರಿ ಫೋಮ್ ಬೇಡವೇ ಬೇಡ. ತೊಟ್ಟಿಲಿಗೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು.

ವಾರಂಟಿ ಓದುವ ಬಗೆ

"15 ವರ್ಷ ವಾರಂಟಿ" ಎಂದರೆ 15 ವರ್ಷ ಬಾಳುತ್ತದೆ ಎಂದಲ್ಲ. ದಿನಾ ಬಳಸುವ ಹಾಸಿಗೆ ಏಳರಿಂದ ಹತ್ತು ವರ್ಷ ಸರಿಯಾಗಿದ್ದರೆ ಒಳ್ಳೆಯದೇ. ಲೇಟೆಕ್ಸ್ ಇನ್ನೂ ಕೆಲವು ವರ್ಷ ಜಾಸ್ತಿ. ವಾರಂಟಿ ಕಾಗದದಲ್ಲಿ ನೋಡಬೇಕಾದ್ದು ಗುಂಡಿಯ ಆಳ. ಕೆಲವರು 2.5 ಸೆಂಟಿಮೀಟರ್ ಇಳಿದರೆ ಒಪ್ಪುತ್ತಾರೆ, ಕೆಲವರು ಸುಮಾರು 4 ಸೆಂಟಿಮೀಟರ್ ಆಗಲೇಬೇಕು ಅನ್ನುತ್ತಾರೆ. ಅಳೆಯುವುದು ಯಾರೂ ಮಲಗಿಲ್ಲದಾಗ, ಅಂಚಿನಿಂದ ಅಂಚಿಗೆ ದಾರ ಬಿಗಿದು. ಮಲಗಿದಾಗ ಮಾತ್ರ ಕುಸಿಯುವ ಹಾಸಿಗೆ ಈ ಅಳತೆಗೆ ಸಿಗುವುದೇ ಇಲ್ಲ. ನಮ್ಮವರ ದೂರುಗಳಲ್ಲಿ ಬಹಳಷ್ಟು ಇಲ್ಲೇ ಬಿದ್ದುಹೋಗುತ್ತವೆ.

ಇನ್ನೆರಡು ಷರತ್ತು ಗಮನಿಸಿ. ಒಂದು, ಕಲೆ ಬಿದ್ದಿದ್ದರೆ ವಾರಂಟಿ ಇಲ್ಲ ಅನ್ನುತ್ತಾರೆ. ಆದ್ದರಿಂದ ನೀರು ತಡೆಯುವ ಕವರನ್ನು ಮೊದಲ ರಾತ್ರಿಯಿಂದಲೇ ಹಾಕಿ. ಎರಡು, ಸರಿಯಾದ ಮಂಚ ಇರಬೇಕು. ಪಟ್ಟಿಗಳ ನಡುವೆ ಏಳೆಂಟು ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿದ್ದರೆ ಫೋಮ್ ಅದರೊಳಗೆ ಇಳಿಯುತ್ತದೆ. ಅಗಲದ ಮಂಚಕ್ಕೆ ನಡುವೆ ಒಂದು ಕಾಲು ಬೇಕು. ಹಳೆಯ ಮಂಚದ ಪಟ್ಟಿಯೇ ಬಾಗಿದ್ದು ಹಾಸಿಗೆಯನ್ನು ಬೈಯುವವರೂ ಇದ್ದಾರೆ.

"ನೂರು ರಾತ್ರಿ ಮಲಗಿ ನೋಡಿ, ಬೇಡವಾದರೆ ವಾಪಸ್" ಎನ್ನುವುದು ನಿಜಕ್ಕೂ ಒಳ್ಳೆಯ ಸೌಲಭ್ಯ, ಅಂಗಡಿಯ ಹತ್ತು ನಿಮಿಷಕ್ಕಿಂತ ಮೇಲು. ಆದರೆ ವಾಪಸ್ ಒಯ್ಯುವ ಖರ್ಚು ಯಾರದು, ಕನಿಷ್ಠ ಎಷ್ಟು ದಿನ ಬಳಸಿರಬೇಕು, ದುಡ್ಡು ಬರುತ್ತದೋ ಅಥವಾ ಬೇರೆ ಹಾಸಿಗೆ ಮಾತ್ರವೋ, ಮೊದಲೇ ಕೇಳಿ.

ಬಳಸಿದ ಹಾಸಿಗೆ ಸಿಕ್ಕರೆ

ಮೇಜು, ಕುರ್ಚಿ, ಕಪಾಟು ಬಳಸಿದ್ದು ಧಾರಾಳವಾಗಿ ತೆಗೆದುಕೊಳ್ಳಿ. ಹಾಸಿಗೆ ಮಾತ್ರ ಬೇಡ ಎನ್ನುವುದು ನಮ್ಮ ಸಲಹೆ. ಬೀದಿ ಬದಿಯಲ್ಲಿ ಇಟ್ಟಿದ್ದನ್ನಂತೂ ಮುಟ್ಟಲೇಬೇಡಿ. ತಿಗಣೆ ಒಂದು ಸಲ ಮನೆ ಹೊಕ್ಕರೆ ಅದನ್ನು ಓಡಿಸುವ ಖರ್ಚಿನಲ್ಲಿ ಹೊಸ ಹಾಸಿಗೆಯೇ ಬರುತ್ತದೆ. ಗುರುತಿನವರ ಮನೆಯದೇ ಆಗಿದ್ದು ತೆಗೆದುಕೊಳ್ಳಲೇಬೇಕು ಎಂದರೆ, ಟಾರ್ಚ್ ಹಿಡಿದು ಹೊಲಿಗೆಯ ಅಂಚು, ಮೂಲೆ, ಕೆಳಭಾಗ, ಲೇಬಲಿನ ಹಿಂದೆ ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಗುರುತು, ತೆಳು ಕಂದು ಪೊರೆ, ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಮೊಟ್ಟೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಮನೆಗೆ ಬಂದ ದಿನ

ಸುತ್ತಿ ಪೆಟ್ಟಿಗೆಯಲ್ಲಿ ತುಂಬಿದ ಹಾಸಿಗೆಯಾದರೆ ತಡಮಾಡದೆ ಬಿಚ್ಚಿ. ತಿಂಗಳುಗಟ್ಟಲೆ ಒತ್ತಿಟ್ಟರೆ ಅದು ಮೊದಲಿನ ಎತ್ತರಕ್ಕೆ ಬರದೇ ಇರಬಹುದು. ಒಂದರಿಂದ ಮೂರು ದಿನ ಬಿಡಿ, ಕಿಟಕಿ ತೆರೆದಿಡಿ, ವಾಸನೆ ಕಡಿಮೆಯಾಗುತ್ತದೆ. ಆಮೇಲೆ ನಾಲ್ಕು ಮೂಲೆ ಮತ್ತು ನಡುವಿನ ಎತ್ತರ ಅಳೆದು, ಹೇಳಿದ್ದಕ್ಕೂ ಇದಕ್ಕೂ ಹೊಂದುತ್ತದೆಯೇ ನೋಡಿ. ಪದರಗಳ ವಿವರ ಬಿಲ್ಲಿನಲ್ಲಿ ಇಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ ಪಡೆಯಿರಿ. ಕವರ್ ಹಾಕುವ ಮುಂಚೆ ಲೇಬಲಿನ ಫೋಟೋ ತೆಗೆದು, ಬಿಲ್ಲಿನ ಫೋಟೋ ಜೊತೆ ಒಂದೇ ಕಡೆ ಇಡಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿ. ಮಗುಚಿ ಹಾಕುವುದು ಎರಡೂ ಬದಿ ಬಳಸುವಂತೆ ಮಾಡಿದ ಹಾಸಿಗೆಗೆ ಮಾತ್ರ. ಈಗ ಬರುವ ಹೆಚ್ಚಿನವುಗಳಲ್ಲಿ ಮೆತ್ತೆ ಇರುವುದು ಒಂದೇ ಬದಿಗೆ.