ನವಾಹೋ ಕೋಡ್ ಆಟ: ಕ್ಲಾಸಿನಲ್ಲಿ ಆಡಿಸುವುದು ಹೇಗೆ

ಹತ್ತನೇ ಕ್ಲಾಸಿಗೆ ಎರಡನೇ ಮಹಾಯುದ್ಧದ ಪಾಠ ಬಂದಾಗ ಒಂದು ಪೀರಿಯಡ್ ಈ ಆಟಕ್ಕೇ ಮೀಸಲಿಡುತ್ತೇನೆ. ಬೇಕಾಗಿರುವುದು ಸೀಮೆಸುಣ್ಣ, ಹಾಗೂ ಗಲಾಟೆ ಸಹಿಸಿಕೊಳ್ಳುವ ಪಕ್ಕದ ಕ್ಲಾಸಿನ ಮೇಷ್ಟ್ರು.

ಕಥೆಗೆ ಎರಡೇ ನಿಮಿಷ ಸಾಕು. 1942ನೇ ಇಸವಿ. ಪೆಸಿಫಿಕ್ ಯುದ್ಧದಲ್ಲಿ ಅಮೆರಿಕದ ರೇಡಿಯೊ ಮಾತನ್ನು ಜಪಾನಿಯರು ಕದ್ದು ಕೇಳುತ್ತಿದ್ದರು. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಡುವೆ ಬೆಳೆದ ಮಿಷನರಿಯ ಮಗ ಫಿಲಿಪ್ ಜಾನ್‌ಸ್ಟನ್, ಅವರ ಭಾಷೆಯನ್ನು ಬಳಸಿ ಎಂದು ಅಮೆರಿಕದ ಮೆರೀನ್ ದಳಕ್ಕೆ (ಹಡಗಿನಿಂದಿಳಿದು ಹೋರಾಡುವ ಸೇನೆ) ಸಲಹೆ ಕೊಟ್ಟ. ಆದರೆ ಕೋಡ್ ಕಟ್ಟಿದವರು ಮೊದಲು ಸೇರಿದ 29 ನವಾಹೋ ಹುಡುಗರು. ಇದನ್ನು ಒತ್ತಿ ಹೇಳಿ. ಅವರಲ್ಲಿ ಹಲವರು ಶಾಲೆಯಲ್ಲಿ ಇದೇ ಭಾಷೆ ಮಾತಾಡಿದ್ದಕ್ಕೆ ಶಿಕ್ಷೆ ತಿಂದವರು. ಇದನ್ನು ಹೇಳಿದಾಗ ಕ್ಲಾಸ್ ಒಂದು ಕ್ಷಣ ಸುಮ್ಮನಾಗುತ್ತದೆ.

ಈಗ ಆಟ. ಒಬ್ಬ ಹುಡುಗನನ್ನು ಹೊರಗೆ ಕಳಿಸಿ. ಉಳಿದವರಿಗೆ ಗುಟ್ಟು ಹೇಳಿಕೊಡಿ: ಇಂಗ್ಲಿಷ್ ಅಕ್ಷರಕ್ಕೆ ಒಂದು ಇಂಗ್ಲಿಷ್ ಪದ, ಆ ಪದಕ್ಕೆ ನವಾಹೋ ಪದ. 'ಎ' ಅಂದರೆ ಆ್ಯಂಟ್, ಅಂದರೆ ವೊಲಾಚೀ. 'ಬಿ' ಅಂದರೆ ಬೇರ್, ಅಂದರೆ ಶಶ್. 'ಸಿ' ಅಂದರೆ ಕ್ಯಾಟ್, ಅಂದರೆ ಮೋಸಿ. ನವಾಹೋದಲ್ಲಿ ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ಹಾಗಾಗಿ ನಮ್ಮ ಉಚ್ಚಾರ ಕೇಳಿದರೆ ನವಾಹೋ ಜನ ನಗುತ್ತಾರೆ, ಪರವಾಗಿಲ್ಲ.

ಹೊರಗಿದ್ದವನನ್ನು ಕರೆಯಿರಿ. ಅವನಿಗೆ ಪದಗಳ ಅರ್ಥವನ್ನು ಕನ್ನಡದಲ್ಲಿ ಮಾತ್ರ ಕೊಡಿ. ನಾನು ಕೊಡುವುದು ಇದು: ಇಲಿ, ಟರ್ಕಿ ಕೋಳಿ, ಕುರಿ, ಚಿಕ್ಕಪ್ಪ, ಟಗರು, ಮಂಜುಗಡ್ಡೆ, ಕರಡಿ, ಇರುವೆ, ಬೆಕ್ಕು, ಕುದುರೆ, ತುರಿಕೆ. ಅವನು ತಲೆ ಕೆರೆದುಕೊಳ್ಳುತ್ತಾನೆ, ಪಾಪ. ಮೌಸ್, ಟರ್ಕಿ, ಶೀಪ್, ಅಂಕಲ್, ರ್‍ಯಾಮ್ ಎಂದು ಇಂಗ್ಲಿಷಿಗೆ ತಿರುಗಿಸಿ ಮೊದಲ ಅಕ್ಷರ ಹಿಡಿದರೆ 'ಎಂ ಟಿ ಸುರಿಬಾಚಿ', ಅಂದರೆ ಮೌಂಟ್ ಸುರಿಬಾಚಿ ಸಿಗುತ್ತದೆ. ಜಪಾನಿನ ಇವೊ ಜಿಮಾ ದ್ವೀಪದ ಬೆಟ್ಟ ಅದು.

ಈ ಹುಡುಗನ ಪಾತ್ರ ನಾನು ಸುಮ್ನೆ ಸೇರಿಸಿದ್ದಲ್ಲ. ಜೋ ಕೀಯೂಮಿಯಾ ಎಂಬ, ಕೋಡ್ ಕಲಿತಿರದ ನವಾಹೋ ಸೈನಿಕ ಫಿಲಿಪೀನ್ಸ್‌ನಲ್ಲಿ ಜಪಾನಿಯರ ಸೆರೆಯಾಗಿದ್ದ. ಕೋಡ್ ಬಿಡಿಸು ಎಂದು ಅವನಿಗೆ ಚಿತ್ರಹಿಂಸೆ ಕೊಟ್ಟರು. ಒಂದೊಂದು ಪದವೂ ಅವನ ತಾಯ್ನುಡಿಯದೇ, ಆದರೆ ಒಟ್ಟು ಮಾತಿಗೆ ಅರ್ಥವೇ ಇರಲಿಲ್ಲ. ಇದೇ ಕೋಡ್‌ನ ಜೀವಾಳ. ಬರೀ ಭಾಷೆ ಗೊತ್ತಿದ್ದರೆ ಸಾಲದು.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಒಂದು ಅಕ್ಷರಕ್ಕೆ ಒಂದೇ ಪದ ಇಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಯಾವ ಪದ ಜಾಸ್ತಿ ಬರುತ್ತಿದೆ ಎಂದು ಎಣಿಸಿ, 'ಅದು ಇ ಇರಬೇಕು ಸಾರ್' ಎಂದಳು. ಸರಿಯಾಗಿಯೇ ಇತ್ತು! ಮೆರೀನ್ ದಳಕ್ಕೂ ಈ ಭಯವಿತ್ತು. ಅದಕ್ಕೇ ಜಾಸ್ತಿ ಬಳಕೆಯ ಅಕ್ಷರಗಳಿಗೆ ಆಮೇಲೆ ಬೇರೆ ಪದಗಳೂ ಸೇರಿದವು. 'ಎ'ಗೆ ಇರುವೆಯ ಜೊತೆ ಸೇಬು ಬೆಲಸಾನಾ, ಕೊಡಲಿ ತ್ಸೆನಿಲ್. ನೀವೂ ಎರಡು ಮೂರು ಕೊಡಿ.

ಸೈನ್ಯದ ಮಾತುಗಳನ್ನು ಅಕ್ಷರ ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗಿತ್ತು? ಟ್ಯಾಂಕಿಗೆ ಆಮೆ, ಸಬ್‌ಮರೀನಿಗೆ ಕಬ್ಬಿಣದ ಮೀನು, ಬಾಂಬಿಗೆ ಮೊಟ್ಟೆ, ಕೈಬಾಂಬಿಗೆ ಆಲೂಗಡ್ಡೆ. ಮಕ್ಕಳಿಗೆ ಆಲೂಗಡ್ಡೆ ಬಹಳ ಇಷ್ಟ. ಕೊನೆಯ ಹೊತ್ತಿಗೆ ಇಂಥ ಪದಗಳ ಪಟ್ಟಿ ನಾನೂರು ದಾಟಿತ್ತು.

ಪಟ್ಟಿಯ ಕಾಗದವನ್ನು ಮಾತ್ರ ಕೈಗೆ ಕೊಡಬೇಡಿ. ಯುದ್ಧಭೂಮಿಗೆ ಯಾರೂ ಪುಸ್ತಕ ಒಯ್ಯುತ್ತಿರಲಿಲ್ಲ, ಎಲ್ಲ ಬಾಯಿಪಾಠ. ಹತ್ತು ಪದ ಕಲಿಸಿ, ಬೋರ್ಡ್ ಒರೆಸಿ, ಇಬ್ಬರನ್ನು ಎರಡು ಮೂಲೆಯಲ್ಲಿ ನಿಲ್ಲಿಸಿ. ಒಬ್ಬ ನವಾಹೋದಲ್ಲಿ ಕೂಗಲಿ, ಇನ್ನೊಬ್ಬಳು ನೇರ ಇಂಗ್ಲಿಷಿನಲ್ಲಿ ಬರೆಯಲಿ. ಉಳಿದವರು ಡೆಸ್ಕ್ ಬಡಿಯಲಿ. ಗುಂಡಿನ ಸದ್ದು ಬೇಡವೇ? ಬರೀ ಹತ್ತೇ ಪದ, ಆದರೂ ತಪ್ಪುತ್ತದೆ. ಆಗ ಇವೊ ಜಿಮಾ ಕಾಳಗದ ಲೆಕ್ಕ ಹೇಳಿ: 1945ರ ಫೆಬ್ರವರಿ, ಮೊದಲ ಎರಡು ದಿನ, ಆರು ಜನ ನವಾಹೋ ಸೈನಿಕರು, 800ಕ್ಕೂ ಹೆಚ್ಚು ಸಂದೇಶ, ಒಂದೂ ತಪ್ಪಿಲ್ಲ.

ಬೆಲ್ ಹೊಡೆದಾಗ 'ಗುಟ್ಟನ್ನು ಬಿ ಸೆಕ್ಷನ್‌ಗೆ ಹೇಳಬೇಡಿ' ಎನ್ನುತ್ತೇನೆ. ಆ ಸೈನಿಕರಿಗೂ ಇದೇ ಆಜ್ಞೆಯಾಗಿತ್ತು. 1968ರಲ್ಲಿ ಸರ್ಕಾರ ಗುಟ್ಟು ತೆರೆಯುವವರೆಗೆ 23 ವರ್ಷ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮವರದು ಮಧ್ಯಾಹ್ನದ ಊಟದವರೆಗೂ ನಿಲ್ಲುವುದಿಲ್ಲ.