ಕಾಂಗರೂ ವೇಷ ಬಿಟ್ಟ ಮೇಲೆ ಖಳನಾಯಕಿ ಸಿಕ್ಕಳು

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ನಮ್ಮ ಸೂಪರ್‌ಹೀರೋ ಆಟದ ಕಥೆ ಆಸ್ಟ್ರೇಲಿಯಾದಲ್ಲಿ ನಡೆಯಬೇಕಿತ್ತು. ನಾನು ಮೊದಲು ಮಾಡಿದ ಖಳರೆಲ್ಲ ಸುಮ್ನೆ ವೇಷಗಳು: ಬಾಕ್ಸಿಂಗ್ ಕಾಂಗರೂ, ಬೂಮರಾಂಗ್ ಎಸೆಯುವವನು. ಯಾರಿಗೂ ಭಯ ಆಗಲಿಲ್ಲ. ಅವರಿಗೆ ಸಿಟ್ಟಾಗಲು ಕಾರಣವೇ ಇರಲಿಲ್ಲ, ಅಲ್ವಾ?

ಆಗ ಆ ನೆಲದ ಚರಿತ್ರೆ ಹಿಡಿದೆ. 1935ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿಗೆ ಜೀರುಂಡೆ ಕಾಟ ತಪ್ಪಿಸಲು ಹವಾಯಿಯಿಂದ ಕೇನ್ ಟೋಡ್ ಕಪ್ಪೆ ತಂದರು. ಜೀರುಂಡೆ ಹೋಗಲಿಲ್ಲ, ಕಪ್ಪೆಗಳೇ ಹಬ್ಬಿದವು. ಅವನ್ನು ತಿಂದ ಕ್ವೋಲ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳು ವಿಷವೇರಿ ಸತ್ತವು. ನನ್ನ ಖಳನಾಯಕಿ ಕಬ್ಬು ಬೆಳೆಗಾರರ ಮನೆಯ ವಿಜ್ಞಾನಿ. ಆ ತಪ್ಪು ತಿದ್ದಲು ಇನ್ನೂ ಜಾಸ್ತಿ ಹಸಿವಿನ ಜೀವಿಯೊಂದನ್ನು ಸೃಷ್ಟಿಸುತ್ತಾಳೆ.

ಮೂಲನಿವಾಸಿಗಳ ಪವಿತ್ರ ಕಥೆಗಳನ್ನು ಮಾತ್ರ ಮುಟ್ಟಲಿಲ್ಲ. ಅವು ನನ್ನವಲ್ಲ.

ಮುಂದಿನ ವಾರ ಅವಳ ಮೇಲೆ ಕೈ ಎತ್ತುವ ಮೊದಲು ಆಟಗಾರರು ಅರ್ಧ ಗಂಟೆ ವಾದ ಮಾಡಿದರು.